ಮಾವನ ಎರಡು ಕಾರು, ಮಿಕ್ಕ ಒಂದು ಪೈಪು

ಎಲ್ಲವೂ ಕೆಡಲು ಶುರುವಾದದ್ದು ಆ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳುತ್ತಿರುವುದು ಕಾರಿನ ಗಡಿಯಾರ ನೋಡಿ. ಆದರೆ ಆ ಗಡಿಯಾರ ಆ ಕಾರಿನದಲ್ಲ, ಮಾವನ ಇನ್ನೊಂದು ಕಾರಿನದು. ಅದು ಹತ್ತು ನಿಮಿಷ ಮುಂದಿದೆ. ಆದ್ದರಿಂದ ಒಂಬತ್ತು ಮೂವತ್ತೆರಡು ಅಂತಿಟ್ಟುಕೊಳ್ಳಿ. ಆ ಹೊತ್ತಿಗೆ ಮಾವ ಬ್ರೇಕ್ ತುಳಿದರು. ಬ್ರೇಕ್ ಅದಕ್ಕೆ ಒಪ್ಪಲಿಲ್ಲ. ಅಲ್ಲಿಂದ ಹನ್ನೊಂದು ರಾತ್ರಿ ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ.

ನಮ್ಮ ಸೋದರಮಾವನ ಬಳಿ ಎರಡು ಕಾರುಗಳಿವೆ. ಎರಡೂ ಸೇರಿದರೆ ಒಂದೂವರೆ ಆಗುತ್ತದೆ! ಮಾಯಸಂದ್ರದ ಹತ್ತಿರ ಅವರ ತೋಟದ ಮನೆಯ ಶೆಡ್ಡಿನಲ್ಲಿ, ತೆಂಗಿನಕಾಯಿಯ ರಾಶಿಯ ಪಕ್ಕ, ಅವು ಅಕ್ಕಪಕ್ಕ ನಿಂತಿರುತ್ತವೆ. ಒಂದೇ ಕಂಪನಿ, ಒಂದೇ ಮಾಡೆಲ್ಲು. ಬಿಳಿಯದು ಪೆಟ್ರೋಲ್, ಬೂದಿಬಣ್ಣದ್ದು ಡೀಸೆಲ್. ಎರಡನ್ನೂ ಸೆಕೆಂಡ್‌ಹ್ಯಾಂಡ್‌ ತಂದದ್ದು. ಒಂದು ಕೆಟ್ಟರೆ ಇನ್ನೊಂದರಿಂದ ಬಿಚ್ಚಿ ಹಾಕಿಕೊಳ್ಳಬಹುದು ಎಂಬುದು ಅವರ ಸಿದ್ಧಾಂತ.

"ಅದು ಪೆಟ್ರೋಲು, ಇದು ಡೀಸೆಲ್ಲು. ಹೆಂಗೆ ಮಾವ ಆಗುತ್ತೆ?" ಎಂದು ನಾನು ಕೇಳಿದ್ದೆ. ಬಿ.ಎಸ್ಸಿ. ಓದಿದವನು, ಕೇಳದೆ ಇರಲಾದೀತೆ?

"ಅದು ಹೊಟ್ಟೆಗೆ ತಿನ್ನೋ ವಿಚಾರ ಕಣ್ಲಾ. ನಾನು ಮುದ್ದೆ ತಿಂತೀನಿ, ನಿಮ್ಮತ್ತೆ ಚಪಾತಿ ತಿಂತಾಳೆ. ಕೈಕಾಲು ಒಂದೇ ಥರ ಇಲ್ವಾ?"

ಅಡುಗೆಮನೆಯಿಂದ ಅತ್ತೆ ಕೂಗಿದರು: "ನನ್ ಕೈಕಾಲು ಬಿಚ್ಚಕ್ ಬಂದೀರಿ, ಹುಷಾರು!"

ಮೊದಲು ಹೋದದ್ದು ಸ್ಪ್ರಿಂಗುಗಳು. ಡೀಸೆಲ್ ಎಂಜಿನ್ ಭಾರ, ಹಾಗಾಗಿ ಆ ಕಾರಿನ ಮುಂದಿನ ಸ್ಪ್ರಿಂಗುಗಳೂ ಗಟ್ಟಿ. ಮಾವ ಅವನ್ನು ಬಿಚ್ಚಿ ಬಿಳಿ ಕಾರಿಗೆ ಹಾಕಿದರು. ಹಗುರ ಎಂಜಿನ್ನಿನ ಆ ಕಾರು ಮೂತಿ ಎತ್ತಿ ಆಕಾಶ ನೋಡತೊಡಗಿತು. ಅದರ ಮೆತ್ತನೆಯ ಸ್ಪ್ರಿಂಗು ಪಡೆದ ಬೂದಿ ಕಾರು ನೆಲ ಮೂಸತೊಡಗಿತು. ಬಿಳಿಯದರಲ್ಲಿ ಒಂದು ಮದುವೆಗೆ ಹೋದೆವು. ಸಮತಟ್ಟಾದ ರಸ್ತೆಯಲ್ಲೂ ಬೆಟ್ಟ ಹತ್ತುತ್ತಿದ್ದೇವೆ ಅನ್ನಿಸುತ್ತಿತ್ತು.

"ಮಾವ, ಇದು ಬರೀ ಮೇಲಕ್ಕೇ ನೋಡ್ತಿದೆಯಲ್ಲ?"

"ತೆಂಗಿನಮರದ ಸೀಮೇಲಿ ಮೇಲಕ್ ನೋಡ್ಕಂಡೇ ಓಡಾಡ್ಬೇಕು ಕಣ್ಲಾ. ಕಾಯಿ ಬಿದ್ದಾತು!"

ಆಮೇಲೆ ಟ್ಯಾಂಕಿನ ಮುಚ್ಚಳದ ಸರದಿ. ಡೀಸೆಲ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಮುಚ್ಚಳ ಪೆಟ್ರೋಲ್ ಕಾರಿಗೆ ಬಂತು. ತುರುವೇಕೆರೆಯ ಬಂಕಿನ ಹೆಣ್ಣುಮಗಳು ಅದನ್ನು ಓದಿ ಡೀಸೆಲ್ ಪೈಪು ಹಿಡಿದಳು. ಮಾವ ಓಡಿ ಹೋಗಿ ಅವಳ ಕೈ ತಡೆದರು.

"ಅಣ್ಣಾ, ಇಲ್ಲಿ ಡೀಸೆಲ್ ಅಂತ ಬರ್ದೈತಲ್ಲಾ?"

"ಬರ್ದಿದ್ದೆಲ್ಲಾ ನಂಬ್ತೀಯೇನವ್ವಾ? ನನ್ ಮುಖ ನೋಡಿ ಹಾಕು."

ಅವಳು ಮುಖ ನೋಡಿದಳು. ನೋಡಿ, ಮ್ಯಾನೇಜರನ್ನು ಕರೆದಳು.

ಪ್ರತಿ ಸಲ ಬಿಚ್ಚಿ ಕಟ್ಟಿದ ಮೇಲೂ ಏನಾದರೂ ಮಿಕ್ಕುತ್ತಿತ್ತು: ನಾಲ್ಕು ನಟ್ಟು, ಒಂದು ಕ್ಲಿಪ್ಪು, ಹೆಸರಿಲ್ಲದ ಒಂದು ರಬ್ಬರು. ಅವೆಲ್ಲ ಒಂದು ಹಳೆಯ ಎಣ್ಣೆ ಡಬ್ಬಕ್ಕೆ ಹೋಗುತ್ತಿದ್ದವು. ಕಂಪನಿಯವರು ಸುಮ್ಮನೆ ಜಾಸ್ತಿ ಹಾಕಿರುತ್ತಾರೆ ಎಂದು ಮಾವ ಕನಿಕರದಿಂದ ಹೇಳುತ್ತಿದ್ದರು.

ಕೊನೆಗೆ ಬೂದಿ ಕಾರಿನ ಆಲ್ಟರ್ನೇಟರ್ ಕೆಟ್ಟಿತು. ಬ್ಯಾಟರಿಗೆ ಚಾರ್ಜ್ ಕೊಡುವ ಈ ಯಂತ್ರ ಎರಡೂ ಕಾರಿನಲ್ಲಿದೆ. ಮಾವ ಬಿಳಿಯದರದ್ದನ್ನು ಬಿಚ್ಚಿ ಬೂದಿಯದಕ್ಕೆ ಕೂರಿಸಿದರು. ಕೂರಿಸಿದ ಮೇಲೆ ಒಂದು ದಪ್ಪ ಪೈಪು ಮಿಕ್ಕಿತು. ಹಳೆಯದರ ಬೆನ್ನಿಗೆ ಅಂಟಿಕೊಂಡಿದ್ದ ಪೈಪು. ಹೊಸದರ ಬೆನ್ನಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಡಬ್ಬಕ್ಕೆ ಹಾಕೋಣವೆಂದರೆ ಅದರ ಇನ್ನೊಂದು ತುದಿ ಕಾರಿಗೇ ಅಂಟಿಕೊಂಡಿದೆ. ತೋಟದಲ್ಲಿ ಡ್ರಿಪ್ ಪೈಪಿನ ತುದಿಯನ್ನು ಮಡಿಚಿ ಕಟ್ಟುವುದಿಲ್ಲವೇ? ಮಾವ ಇದನ್ನೂ ಹಾಗೆಯೇ ಮಡಿಚಿ, ತೆಂಗಿನ ನಾರಿನ ಹುರಿಯಲ್ಲಿ ಬಿಗಿಯಾಗಿ ಕಟ್ಟಿದರು.

ಆ ಭಾನುವಾರ ತುರುವೇಕೆರೆಯಲ್ಲಿ ನೆಂಟರ ಗೃಹಪ್ರವೇಶ. ಬೂದಿ ಕಾರಿನಲ್ಲಿ ಮಾವ ಚಾಲಕ, ಪಕ್ಕದಲ್ಲಿ ನಾನು, ಹಿಂದೆ ಹೋಳಿಗೆ ಡಬ್ಬದೊಂದಿಗೆ ಅತ್ತೆ. ನನ್ನ ಕಡೆಯ ಸೀಟ್ ಬೆಲ್ಟ್ ಬಿಳಿ ಕಾರಿನಲ್ಲಿತ್ತು.

"ಬ್ರೇಕು ಯಾಕೋ ಗಟ್ಟಿ ಐತೆ," ಎಂದರು ಮಾವ ಗೇಟು ದಾಟುವಾಗ.

"ನೋಡೋಣ ನಿಲ್ಸಿ ಮಾವ."

"ಬ್ರೇಕು ಅಂದ್ಮೇಲೆ ಗಟ್ಟಿ ಇರ್ಬೇಕು ಕಣ್ಲಾ. ಮೆತ್ತಗಿರಕೆ ಅದೇನು ಇಡ್ಲಿಯಾ?"

ಒಂಬತ್ತು ಮೂವತ್ತೆರಡಕ್ಕೆ ನಾವು ಒಂದು ಇಳಿಜಾರಿನಲ್ಲಿದ್ದೆವು. ತಳದಲ್ಲಿ ಬಸ್ಸೊಂದು ನಿಂತು ಜನರನ್ನು ಇಳಿಸುತ್ತಿತ್ತು. ಒಬ್ಬ ಹೆಂಗಸು ಕಂಕುಳಲ್ಲಿ ಟೋಪಿ ಹಾಕಿದ ಮಗು ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಚೀಲ ಇಳಿಸುತ್ತಿದ್ದಳು. ಮಾವ ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ಹೆಚ್ಚುಕಡಿಮೆ ಎದ್ದು ನಿಂತರು. ಪೆಡಲು ಕಲ್ಲಿನ ಮೆಟ್ಟಿಲಿನಂತೆ ಇದ್ದಲ್ಲೇ ಇತ್ತು. ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ನಾನು ಬರೆದಿದ್ದ ಜಡತ್ವ ಅಂದು ಖುದ್ದಾಗಿ ಕಾರೊಳಗೆ ಬಂದು ಕೂತಿತ್ತು.

"ರೀ, ನಿಲ್ಸ್ರೀ!" ಅತ್ತೆ ಕಿರುಚಿದರು.

"ಅದೇ ಕೆಲ್ಸದಲ್ಲಿದೀನಿ ಕಣೇ!"

ಬಸ್ಸಿನ ಹಿಂಭಾಗ ದೊಡ್ಡದಾಗುತ್ತ ಬಂತು. ಮಾವ ಸ್ಟೀರಿಂಗನ್ನು ಎಡಕ್ಕೆ ಎಳೆದರು. ಕಾರು ರಸ್ತೆ ಬಿಟ್ಟಿತು. ನಾರಿನ ಫ್ಯಾಕ್ಟರಿಯವರು ರಸ್ತೆ ಬದಿಗೆ ಸುರಿದಿದ್ದ ನಾರಿನ ಪುಡಿಯ ಗುಡ್ಡವೊಂದಿತ್ತು. ಅದರೊಳಗೆ ಗಾಜಿನ ಮಟ್ಟ ಹೂತುಕೊಂಡು ನಿಂತೆವು. ಒಳಗೆಲ್ಲ ಕಂದು ಕತ್ತಲೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಅತ್ತೆಯ ನಡುಗುವ ದನಿ ಬಂತು: "ಹೋಳಿಗೆ ನೆಟ್ಟಗವೆ."

"ನೋಡಿದ್ಯಾ, ನಿಲ್ತು," ಎಂದರು ಮಾವ. ಅವರ ದನಿಯೂ ನೆಟ್ಟಗಿರಲಿಲ್ಲ.

ತುರುವೇಕೆರೆಯಿಂದ ಬಂದ ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಹುರಿ ಕಟ್ಟಿದ್ದ ಪೈಪನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಯಾರ್ ಸ್ವಾಮಿ ಇದನ್ನ ಕಟ್ಟಿದ್ದು? ಕಾರಿಗೆ ಡ್ರಿಪ್ ಹಾಕ್ಸಿದೀರಾ?"

"ಯಾಕೆ, ಸೋರ್ತಿತ್ತಾ?" ಎಂದು ಮಾವ ಕೇಳಿದರು.

ಆತ ವಿವರಿಸಿದ. ಬ್ರೇಕು ಹಗುರಾಗಬೇಕಾದರೆ ಅದರ ಡಬ್ಬಿಯಿಂದ ಯಾರಾದರೂ ಗಾಳಿ ಹೀರುತ್ತಿರಬೇಕು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನೇ ಹೀರುತ್ತದೆ. ಈ ಡೀಸೆಲ್ಲಿನಲ್ಲಿ ಅದಕ್ಕೆಂದೇ ಆಲ್ಟರ್ನೇಟರಿನ ಬೆನ್ನಿಗೆ ಸಣ್ಣ ಪಂಪು ಇರುತ್ತದೆ. ಪಂಪು ಶೆಡ್ಡಿನಲ್ಲಿತ್ತು. ಪೈಪು ಹುರಿಯಲ್ಲಿತ್ತು. ನಾವು ಇಳಿಜಾರಿನಲ್ಲಿದ್ದೆವು.

ಇದನ್ನೆಲ್ಲ ಈಗ ನಗುತ್ತಾ ಬರೆಯುತ್ತಿದ್ದೇನೆ. ಆ ದಿನಗಳಲ್ಲಿ ಕಣ್ಣು ಮುಚ್ಚಿದರೆ ಬಸ್ಸು, ತೆರೆದರೆ ಆ ಮಗುವಿನ ಟೋಪಿ. ಹಗಲಿಡೀ ಒಂದೇ ಲೆಕ್ಕ: ಮಾವ ಹ್ಯಾಂಡ್‌ಬ್ರೇಕ್ ಯಾಕೆ ಎಳೆಯಲಿಲ್ಲ? ಅದು ಕೈಯ ಪಕ್ಕದಲ್ಲೇ ಇತ್ತಲ್ಲ! ಫೋನಿನಲ್ಲಿ ಕೇಳಿದೆ. "ಹೊಳೀಲಿಲ್ಲ ಕಣ್ಲಾ," ಎಂದರು. ಎರಡು ಸಲ ಕೇಳಿದರೂ ಅದೇ ಉತ್ತರ. ಹೊಳೆಯಲಿಲ್ಲವಂತೆ! ನಮ್ಮನ್ನು ಕೊಲ್ಲುತ್ತಿದ್ದ ಮನುಷ್ಯ ಕೊಡುವ ಉತ್ತರವೇ ಇದು? ಇನ್ನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಎದುರಿಗೇ ಹೇಳಿಬಿಡಬೇಕೆಂದು ಹನ್ನೆರಡನೆಯ ದಿನ ಸಂಜೆ ಹೊರಟೆ.

ಮಾವ ತೋಟದಲ್ಲಿದ್ದರು. ನನ್ನ ಸಿಟ್ಟನ್ನೆಲ್ಲ ಅತ್ತೆ ಕೂತು ಕೇಳಿದರು. ಕೊನೆಗೆ ನಿಧಾನಕ್ಕೆ ಹೇಳಿದರು.

"ಹ್ಯಾಂಡ್‌ಬ್ರೇಕ್ ಎಲ್ಲಿಂದ ಎಳೀತಾರಪ್ಪ? ಎಡಗೈ ನಿನ್ ಎದೆ ಮೇಲಿತ್ತಲ್ಲ."

"ಏನು?"

"ನೀನು ಗಾಜಿಗ್ ಹೋಗ್ತಿದ್ದೆ. ಬೆಲ್ಟಿಲ್ಲ ಅಂತ ಅವ್ರಿಗ್ ಗೊತ್ತಲ್ಲ. ಒಂದ್ ಕೈಲಿ ಸ್ಟೇರಿಂಗು, ಇನ್ನೊಂದ್ ಕೈಲಿ ನಿನ್ನ ಸೀಟಿಗ್ ಒತ್ತಿ ಹಿಡ್ಕಂಡಿದ್ರು. ನಾನ್ ಹಿಂದಿದ್ದೆ, ನೋಡ್ದೆ ಕಣಪ್ಪ. ಅವ್ರೂ ಮಲಗಿಲ್ಲ ಆವತ್ನಿಂದ. ಹುಡುಗನ್ನ ಸಾಯಿಸ್ಬುಡ್ತಿದ್ನಲ್ಲೇ ಅಂತ ಎದ್ದೆದ್ ಕೂತ್ಕತಾರೆ."

ನನ್ನ ಎದೆಯ ಮೇಲೆ ನೀಲಿಗಟ್ಟಿದ ಗುರುತೊಂದಿತ್ತು. ಡ್ಯಾಶ್‌ಬೋರ್ಡ್ ಬಡಿದದ್ದು ಅಂದುಕೊಂಡಿದ್ದೆ. ಅಂಗಿಯ ಗುಂಡಿ ಬಿಚ್ಚಿ ನೋಡಿಕೊಂಡೆ. ಡ್ಯಾಶ್‌ಬೋರ್ಡಿಗೆ ಬೆರಳುಗಳಿರುವುದಿಲ್ಲ.

ಅಷ್ಟರಲ್ಲಿ ಮಾವ ಬಂದರು. ಎಡ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಯಾವಾಗ್ ಬಂದ್ಯೋ?"

"ಈಗ. ಕೈಗೇನಾಯ್ತು ಮಾವ?"

"ಬುಡು ಅತ್ಲಾಗೆ. ಸ್ಪ್ಯಾನರ್ ಜಾರ್ತು."

ಮೂವರೂ ಉಂಡೆವು. ಅದು ಹನ್ನೆರಡನೆಯ ರಾತ್ರಿ. ಪಡಸಾಲೆಯಲ್ಲಿ ಚಾಪೆಯ ಮೇಲೆ ಉರುಳಿದವನು ಕಣ್ಣು ಬಿಟ್ಟಾಗ ಬಿಸಿಲು ಕಾಲಿನ ಮೇಲಿತ್ತು. ಪಕ್ಕದ ಚಾಪೆಯಲ್ಲಿ ಮಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಸದ್ದು ಮಾಡಬೇಡ ಎಂದು ಅತ್ತೆ ಬಾಗಿಲಿನಿಂದ ಸನ್ನೆ ಮಾಡಿದರು.