ಐಸಾಕ ಮಾಸ್ತರರ ಬೆನ್ನು

ಐಸಾಕ ಮಾಸ್ತರರದು ಒಂದೂ ನೆಟ್ಟಗಿನ ಫೋಟೋ ಇರಲಿಲ್ಲ. ಗಿರಿಯಪ್ಪನ ಕಷ್ಟ ಶುರುವಾದದ್ದೇ ಅಲ್ಲಿಂದ.

ಕೇಶ್ವಾಪುರದ ಆ ಶಾಲೆಯಲ್ಲಿ ಅವರು ಮೂವತ್ತು ವರ್ಷ ಚಿತ್ರಕಲೆ ಕಲಿಸಿದ್ದರು. ಪ್ರತಿ ವರ್ಷದ ಗ್ರೂಪ್ ಫೋಟೋದಲ್ಲೂ ಇದ್ದಾರೆ. ಆದರೆ ಫೋಟೋದವನು ಕರಿ ಬಟ್ಟೆಯೊಳಗೆ ತಲೆ ತೂರಿಸಿದ ಕೂಡಲೇ ಹಿಂದಿನ ಸಾಲಿನ ಗದ್ದಲ ಕೇಳಿ ತಿರುಗಿಬಿಡುತ್ತಿದ್ದರು. ಹೀಗಾಗಿ ಮೂವತ್ತೂ ಫೋಟೋಗಳಲ್ಲಿ ಅವರ ಮುಖವಿರಬೇಕಾದಲ್ಲಿ ಒಂದು ಬೂದು ಮೋಡವಿತ್ತು.

ಅವರು ತೀರಿಕೊಂಡು ವರ್ಷ ತುಂಬಿತ್ತು. ೧೯೬೪ರ ಆ ಶುಕ್ರವಾರ ನಾಲ್ಕು ಗಂಟೆಗೆ ಶಾಲೆಯಲ್ಲಿ ಸ್ಮರಣೆಯ ಸಭೆ. ಅವರು ನಿವೃತ್ತರಾದಂದಿನಿಂದ ಅವರ ಜಾಗದಲ್ಲಿ ಹಂಗಾಮಿಯಾಗಿ ಕಲಿಸುತ್ತಿದ್ದವನು ಅವರ ಶಿಷ್ಯ ಗಿರಿಯಪ್ಪನೇ. ಹೆಡ್‌ಮಾಸ್ತರ ಸುಕುಮಾರರು ಅವನನ್ನು ಕರೆದು ಹೇಳಿದ್ದರು:

"ಮಾಸ್ತರರ ಚಿತ್ರ ನೀನ ತೆಗೀಬೇಕು ನೋಡಪಾ. ಧಾರವಾಡದಿಂದ ಸಾಲಿ ತಪಾಸಣಿ ಮಾಡೋ ಡೆಪ್ಯುಟಿ ಸಾಹೇಬ್ರು ಬರತಾರ. ಮೆಚ್ಚಿದ್ರಂದ್ರ ನಿನ್ನ ನೌಕರಿ ಕಾಯಂ ಮಾಡಾಕ ಅಲ್ಲೇ ಷರಾ ಬರೀತಾರ."

ಐದು ವರ್ಷದ ಹಂಗಾಮಿ ಬಾಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಗಿರಿಯಪ್ಪ ಬೆಳಿಗ್ಗೆ ಆರಕ್ಕೇ ಮನೆಯ ಕಟ್ಟೆಯ ಮೇಲೆ ಬಣ್ಣ ಹರಡಿಕೊಂಡು ಕೂತ. ಎಂಟರ ಹೊತ್ತಿಗೆ ಮುಖ ಒಂದು ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಸಾವಕ್ಕ ನೀರಿನ ಕೊಡದೊಂದಿಗೆ ಬಂದು ನಿಂತಳು.

"ಮೂಗು ಸಣ್ಣ ಆತೋ ತಮ್ಮಾ. ಅವರ ಮೂಗು ಇಷ್ಟ ಸಣ್ಣ ಇತ್ತೇನು?"

ಗಿರಿಯಪ್ಪ ಮೂಗನ್ನು ಉದ್ದ ಮಾಡಿದ. ಚಿತ್ರವನ್ನು ಹೊತ್ತು ಶಾಲೆಗೆ ಬಂದರೆ ಗಣಿತದ ಶಿದ್ದಪ್ಪ ಮಾಸ್ತರರು ಅಡ್ಡ ನಿಂತರು. ಐಸಾಕ ಮಾಸ್ತರರ ಹುಬ್ಬು ದಪ್ಪ ಇದ್ದವೆಂದು ಅವರ ವಾದ. ಹುಬ್ಬು ದಪ್ಪವಾದವು. ಹುಬ್ಬಿಗೆ ತಕ್ಕಂತೆ ಮೀಸೆ ಬೆಳೆಯಿತು. ಮೀಸೆ ಹೆಚ್ಚಾಯಿತೆಂದು ಹೆಡ್‌ಮಾಸ್ತರರು ಅಂದಾಗ ಮೀಸೆ ಹೋಗಿ ಅದರ ಜಾಗದಲ್ಲಿ ಕೆಸರಿನ ಪಟ್ಟಿಯೊಂದು ಉಳಿಯಿತು. ಮೂರು ಗಂಟೆಗೆ ಮಾಸ್ತರರ ಹೆಂಡತಿ ದಯಾವತಿಬಾಯಿ ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮರ್ಯಾದೆಯಿಂದ ಕೇಳಿದರು:

"ಇವರು ಯಾರಪಾ? ನಮ್ಮ ಮನಿಗೆ ಯಾವಾಗರೆ ಬಂದಿದ್ರೇನು?"

ಗಿರಿಯಪ್ಪನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟು ಚಿತ್ರಕಲೆಯ ಕೋಣೆಗೆ ಹೋಗಿ ಹಿಂದಿನ ಬೆಂಚಿನ ಮೇಲೆ ಕುಸಿದ. ಹುಡುಗನಾಗಿದ್ದಾಗ ಅವನು ಕೂರುತ್ತಿದ್ದ ಬೆಂಚೇ ಅದು. ಎದುರಿಗೆ ಕರಿಹಲಗೆ. ಅಲ್ಲೇ ಒಮ್ಮೆ ಮಾಸ್ತರರು ಗರಿಬಿಚ್ಚಿದ ನವಿಲನ್ನು ತೆಗೆದು, ಐದರ ಗಂಟೆ ಹೊಡೆದ ಕೂಡಲೇ ಅದನ್ನು ಅಳಿಸಲು ಇವನಿಗೇ ಹೇಳಿದ್ದರು. ಗಿರಿಯಪ್ಪ ಅತ್ತುಬಿಟ್ಟಿದ್ದ. "ಅಳಸೋ ಹುಚ್ಚಪ್ಪಾ. ನವಿಲು ಹೋದ್ರ ಏನಾತು, ಕೈ ಉಳದೈತಲ್ಲ. ನಾಳೆ ಇದಕ್ಕಿಂತ ಛಲೋ ತೆಗಿಯೋಣಂತ" ಎಂದಿದ್ದರು. ಅವರ ಇನ್ನೊಂದು ಮಾತು ಅವನಿಗೆ ಇಡೀ ದಿನ ಮರೆತೇ ಹೋಗಿತ್ತು: "ಕಂಡದ್ದು ತೆಗಿ. ಮಂದಿ ಹೇಳಿದ್ದು ತೆಗೀಬ್ಯಾಡ."

ತಾನು ಏಳು ವರ್ಷ ಈ ಬೆಂಚಿನಿಂದ ಕಂಡದ್ದಾದರೂ ಏನು? ಗಿರಿಯಪ್ಪ ಧಡಕ್ಕನೆ ಎದ್ದು ಸೀಮೆಸುಣ್ಣ ಹಿಡಿದ. ಕಂಡದ್ದು ಅವರ ಬೆನ್ನು. ಎತ್ತಿದ ಬಲಗೈ, ತುಸು ಇಳಿದ ಎಡಭುಜ, ಸುಣ್ಣದ ಕೈ ಒರೆಸಿ ಒರೆಸಿ ಕರಿ ಕೋಟಿನ ಸೊಂಟದ ಮೇಲೆ ಮೂಡಿದ ಬಿಳಿ ಐದು ಬೆರಳು. ಹದಿನೈದು ನಿಮಿಷದಲ್ಲಿ ಹಲಗೆಯ ಮೇಲೆ ಐಸಾಕ ಮಾಸ್ತರರು ಪಾಠ ಮಾಡುತ್ತಾ ನಿಂತಿದ್ದರು.

ಬಾಗಿಲಿಗೆ ಬಂದ ಶಿದ್ದಪ್ಪ ಮಾಸ್ತರರು ತಾವಾಗಿಯೇ ಚಪ್ಪಲಿ ಬಿಟ್ಟರು. ಯಾರೂ ಹುಬ್ಬಿನ ಮಾತೆತ್ತಲಿಲ್ಲ. ದಯಾವತಿಬಾಯಿ ಹಲಗೆಯ ಹತ್ತಿರ ಹೋಗಿ ಆ ಐದು ಬೆರಳನ್ನು ನೋಡಿದರು. ಅತ್ತರು, ಅಳುತ್ತಲೇ ನಕ್ಕರು.

"ಈ ಕೋಟು ತೊಳದು ತೊಳದು ನನ್ನ ಕೈ ಸವದಾವು. ಅವರೇ ಇವರು, ಖರೇ ಅವರೇ."

ಸಭೆ ಜೋರಾಗಿ ನಡೆಯಿತು. ಹಲಗೆಗೆ ಮಲ್ಲಿಗೆಯ ಹಾರ ಬಿತ್ತು. ಹೆಡ್‌ಮಾಸ್ತರರು ಗಿರಿಯಪ್ಪನ ಬೆನ್ನು ತಟ್ಟಿದರು. ಊರೇ ಗೆದ್ದವನಂತೆ ಗಿರಿಯಪ್ಪ ಎದೆಯುಬ್ಬಿಸಿ ನಿಂತಿದ್ದ. ಸಾಹೇಬರ ಬಸ್ಸು ಮಾತ್ರ ತಡವಾಗಿತ್ತು. ಅವರು ಬರುವವರೆಗೆ ಎಲ್ಲರೂ ಹೆಡ್‌ಮಾಸ್ತರರ ಕೋಣೆಯಲ್ಲಿ ಚಹಾ ಕುಡಿಯಲು ಹೋದರು.

ಐದೂಕಾಲಿಗೆ ಸಾಹೇಬರು ಬಂದರು. ಮೆರವಣಿಗೆಯಂತೆ ಎಲ್ಲರೂ ಅವರನ್ನು ಕರೆದುಕೊಂಡು ಬಂದು ನೋಡಿದರೆ, ಹಲಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲೆ ಹಾರ ಹಾಗೆಯೇ ಇತ್ತು. ಪಕ್ಕದಲ್ಲಿ ಶಾಲೆಯ ಗಂಟೆ ಹೊಡೆಯುವ ಮುದುಕ ಸಿಪಾಯಿ ಅಲ್ಲಾಸಾಬ ಒದ್ದೆ ಬಟ್ಟೆ ಹಿಂಡುತ್ತಿದ್ದ.

"ಅಲ್ಲಾಸಾಬ, ಚಿತ್ರ ಎಲ್ಲಿ?" ಹೆಡ್‌ಮಾಸ್ತರರು ಕೇಳಿದರು.

"ಐದರ ಗಂಟಿ ಹೊಡದೆ, ಅಳಸಿದೆ. ಹಲಗಿ ಮ್ಯಾಲೆ ಏನರ ಇರಲಿ, ಐದಕ್ಕ ಅಳಸು ಅಂತ ಮಾಸ್ತರು ಹೇಳ್ಯಾರ್ರಿ. ಬ್ಯಾಡ ಅಂತ ಸಾಯೋ ಮುಂದ ಹೇಳಲಿಲ್ಲ."

"ಹತ್ತು ನಿಮಿಷ ಕೊಡ್ರಿ ಸಾಹೇಬ್ರ, ಮತ್ತ ತೆಗೀತೇನಿ" ಎಂದ ಗಿರಿಯಪ್ಪ.

ಸಾಹೇಬರು ಗಡಿಯಾರ ನೋಡಿದರು. ಐದೂವರೆಯ ಬಸ್ಸು ಹಿಡಿಯಬೇಕಿತ್ತು. ಬರಿ ಹಲಗೆಗೇ ಕೈಮುಗಿದು ಎರಡು ಹೂ ಹಾಕಿದರು. ಆಮೇಲೆ ಹಲಗೆಯ ಮೇಲೆ ಬೆರಳಾಡಿಸಿ ಬೆರಳ ತುದಿ ನೋಡಿಕೊಂಡರು. ಒಂದು ಕಣ ಸುಣ್ಣವಿಲ್ಲ. ಮುಖ ಅರಳಿತು. ನಿಂತಲ್ಲೇ ಷರಾ ಬರೆದರು: ಜಿಲ್ಲೆಯಲ್ಲಿ ಇಷ್ಟು ಸ್ವಚ್ಛವಾದ ಹಲಗೆ ಕಂಡಿಲ್ಲ. ಬರುವ ತಿಂಗಳು ನಿವೃತ್ತನಾಗುವ ಸಿಪಾಯಿ ಅಲ್ಲಾಸಾಬನನ್ನು ಇನ್ನೂ ಎರಡು ವರ್ಷ ಮುಂದುವರಿಸಬೇಕು. ಚಿತ್ರಕಲೆ ಶಿಕ್ಷಕರ ಕೆಲಸ ನೋಡಲು ಸಿಗಲಿಲ್ಲ. ಸದ್ಯ ಹಂಗಾಮಿಯಾಗಿಯೇ ಇರಲಿ.

ಸಾಹೇಬರು ಹೋದ ಮೇಲೆ ಹೆಡ್‌ಮಾಸ್ತರರು ತಲೆಯ ಮೇಲೆ ಕೈಹೊತ್ತು ಕೂತರು. ಗಿರಿಯಪ್ಪನ ಹೊಟ್ಟೆಯೊಳಗಿಂದ ಮಾತ್ರ ನಗು ಉಕ್ಕಿ ಬಂತು. ಅವನು ಸೀಮೆಸುಣ್ಣ ತೆಗೆದುಕೊಂಡು ಮತ್ತೆ ಬರೆಯಲು ಶುರು ಮಾಡಿದ. ಈ ಸಲ ಕೈ ಒಮ್ಮೆಯೂ ನಿಲ್ಲಲಿಲ್ಲ.

"ಮೊದಲಿನಕಿಂತ ಛಲೋ ಬಂತಪಾ" ಎಂದರು ದಯಾವತಿಬಾಯಿ.

ಅಲ್ಲಾಸಾಬನೂ ಹೌದೆಂದು ತಲೆದೂಗಿದ. ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿ ಹೆಗಲ ಮೇಲೆ ಹಾಕಿಕೊಂಡು, ಗಿರಿಯಪ್ಪನ ಕೆಲಸ ಮುಗಿಯುವುದನ್ನೇ ಕಾಯುತ್ತಾ ಬಾಗಿಲಲ್ಲಿ ನಿಂತ.