ನಾನು ಕೂತಲ್ಲಿ ಜೆಸಿಬಿ ಬರುತ್ತದೆ

ಊರೆಲ್ಲ ಸೇರಿ ಬಯ್ಯುವ ಒಂದು ವಸ್ತು ಇರುತ್ತದಲ್ಲ, ಅದರಿಂದಲೂ ಯಾರದೋ ಹೊಟ್ಟೆ ತುಂಬುತ್ತಿರುತ್ತದೆ. ಕಲಬುರಗಿಯಲ್ಲಿ ನಮ್ಮ ರೈಲ್ವೆ ಗೇಟನ್ನು ಬಯ್ಯದ ಮನುಷ್ಯನನ್ನು ನಾನು ನೋಡಿಲ್ಲ. ಆಫೀಸಿಗೆ ಹೋಗುವವರು ಬಯ್ದರು, ಶಾಲೆಯ ಮಕ್ಕಳನ್ನು ತುಂಬಿಕೊಂಡು ಬರುವ ಟಂಟಂನವನು ಬಯ್ದ, ಹೆಣ ಹೊತ್ತುಕೊಂಡು ಬಂದವರು ಹೆಣ ಕೆಳಗಿಳಿಸಿ ಬಯ್ದರು. ಬಯ್ಯದವಳು ನಾನೊಬ್ಬಳೇ. ಗೇಟು ಬಿದ್ದರೆ ನನ್ನ ಬಾಳೆಹಣ್ಣು ಮಾರಿಹೋಗುತ್ತಿತ್ತು, ಗೇಟು ಎದ್ದರೆ ನನ್ನ ಕಡೆ ಯಾರೂ ಹೊರಳಿ ನೋಡುತ್ತಿರಲಿಲ್ಲ. ಇದರಿಂದ ನಾನೇನೋ ತಾಳ್ಮೆಯ ಹೆಂಗಸು ಅಂತ ತಿಳಿಯಬೇಡಿ. ಗೇಟು ನನಗೂ ಅಡ್ಡ ಬಂದಿದ್ದರೆ ಎಲ್ಲರಿಗಿಂತ ಜೋರಾಗಿ ನಾನೇ ಬಯ್ಯುತ್ತಿದ್ದೆ. ನನ್ನ ಬಾಯಿ ಎಂಥದು ಅಂತ ಕಮಲಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನಮ್ಮದು ಕಮಲಾಪುರ, ಕೆಂಪು ಬಾಳೆಯ ಊರು. ಗಂಡ ಸತ್ತ ಮೇಲೆ ಪುಟ್ಟಿ ಹೊತ್ತವಳು ಇನ್ನೂ ಇಳಿಸಿಲ್ಲ. ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ, ರಾತ್ರಿ ಶಾಲೆಯಲ್ಲಿ, ಬಸ್ಸಿನ ಬೋರ್ಡು ಓದುವಷ್ಟು. ಈಗಲೂ ಒತ್ತಕ್ಷರ ಬಂದಲ್ಲಿ ಸೊಸೆಯನ್ನು ಕೇಳುತ್ತೇನೆ, ಅವಳಿಗೂ ಅಷ್ಟಕ್ಕಷ್ಟೇ. ಬೆಳಿಗ್ಗೆ ಹಣ್ಣಿನ ಪುಟ್ಟಿ ಬಸ್ಸಿಗೆ ಹಾಕಿಕೊಂಡು ಕಲಬುರಗಿಗೆ ಹೊರಡುತ್ತೇನೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಬಾಳೆಹಣ್ಣು ಹೆಂಗಸಲ್ಲವಂತೆ, ಅದಕ್ಕೆ ಟಿಕೆಟ್ ಹರಿಯುತ್ತಾರೆ. ಕಪನೂರ ದಾಟುವಾಗ ಕಾರ್ಖಾನೆಗಳ ವಾಸನೆ ಬರುತ್ತದೆ, ಕಿಟಕಿ ಮುಚ್ಚುತ್ತೇನೆ, ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ಈ ಕೆಂಪು ಬಾಳೆಯನ್ನು ಮಾರುವುದು ಸುಲಭವಲ್ಲ. ಹಳದಿ ಬಾಳೆ ಹಣ್ಣಾದದ್ದು ಕುರುಡನಿಗೂ ತಿಳಿಯುತ್ತದೆ. ಇದು ಕಾಯಿದ್ದಾಗಲೂ ಕೆಂಪು, ಹಣ್ಣಾದರೂ ಕೆಂಪು. ಹೊಸಬರು ನೋಡಿ ಬಣ್ಣ ಹಚ್ಚಿದ್ದೀರಾ ಅಂತ ಕೇಳುತ್ತಾರೆ. ಹೌದು, ರಾತ್ರಿಯೆಲ್ಲ ಕೂತು ಹಚ್ಚಿದ್ದೇನೆ ಅನ್ನುತ್ತೇನೆ. ಅಂಥವರಿಗೆ ತಿಳಿಸಿ ಹೇಳಲು ಹೊತ್ತು ಬೇಕು. ಆ ಹೊತ್ತನ್ನು ನನಗೆ ಕೊಡುತ್ತಿದ್ದದ್ದು ಗೇಟು.

ಗೇಟಿನಲ್ಲಿ ನಿಂತ ಮನುಷ್ಯನಿಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಬೇಸರ ಬರುತ್ತದೆ, ಬೇಸರದ ಬೆನ್ನಿಗೇ ಹಸಿವು. ಮೋಟರ್ ಸೈಕಲ್ಲಿನ ಮೇಲೆ ಕೂತಲ್ಲೇ ಕೈ ಚಾಚುತ್ತಾನೆ. ಒಂದು ಹಣ್ಣು ಕೈತುಂಬ ಇರುತ್ತದೆ, ಗಡಿಬಿಡಿಯಲ್ಲಿ ತಿನ್ನಲಾಗುವುದಿಲ್ಲ. ಗೂಡ್ಸ್ ಗಾಡಿ ಬಂದರೆ ನನಗೆ ಹಬ್ಬ, ಅದರ ಡಬ್ಬಿಗಳು ಮುಗಿಯುವುದೇ ಇಲ್ಲ. ಸರ್ಕಾರವನ್ನು ಬಯ್ಯುತ್ತಾ ತಿನ್ನುವವರು, ರೈಲನ್ನು ಬಯ್ಯುತ್ತಾ ತಿನ್ನುವವರು, ಹೆಂಡತಿಗೆ ಫೋನಿನಲ್ಲಿ ಸುಳ್ಳು ಹೇಳುತ್ತಾ ತಿನ್ನುವವರು, ಎಲ್ಲರನ್ನೂ ನೋಡಿದ್ದೇನೆ. ಮನುಷ್ಯ ಅಂದರೆ ಏನು ಅಂತ ಆ ಗೇಟಿನಲ್ಲಿ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ. ಕಲಿತದ್ದರಲ್ಲಿ ಮೆಚ್ಚುವಂಥದ್ದು ಹೆಚ್ಚೇನೂ ಇರಲಿಲ್ಲ ಅನ್ನಿ.

ಹೀಗಿರುವಾಗ ಅಲ್ಲಿ ಇನ್ನೊಂದು ಹಳಿ ಹಾಕುತ್ತಾರೆ, ಹಳಿಯ ಮೇಲೆ ಸೇತುವೆ ಕಟ್ಟುತ್ತಾರೆ, ಗೇಟು ತೆಗೆದೇ ಬಿಡುತ್ತಾರೆ ಅಂತ ಸುದ್ದಿ ಬಂತು. ನಂಬಲಿಲ್ಲ. ಒಂದು ದಿನ ಶಾಮಿಯಾನ ಬಂತು, ಕುರ್ಚಿ ಬಂದವು, ದೊಡ್ಡ ಮನುಷ್ಯರು ತಡವಾಗಿ ಬಂದರು, ಪೂಜೆಯಾಯಿತು. ಪೂಜೆಗೆ ಬಾಳೆಹಣ್ಣು ಮರೆತು ಬಂದಿದ್ದರು. ನನ್ನ ಪುಟ್ಟಿಯಿಂದಲೇ ತೆಗೆದುಕೊಂಡರು, ದೇವರ ಕೆಲಸ ಅಂತ ಇದ್ದುದರಲ್ಲಿ ಒಳ್ಳೆಯವನ್ನೇ ಆರಿಸಿ ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ಖಾಲಿ ಇತ್ತು ಅಂತ ನಾನೂ ತಟ್ಟಿದೆ.

ಮರುದಿನ ಎಂಜಿನಿಯರ್ ಬಂದ. ಮೈಸೂರು ಕಡೆಯವನು, ತಲೆಯ ಮೇಲೆ ಹಳದಿ ಟೊಪ್ಪಿಗೆ, ಮಾತು ಬೆಣ್ಣೆಯಂತೆ ಮೆತ್ತಗೆ. ನಮ್ಮ ಕಡೆಯವರು ನನ್ನನ್ನು ಅವ್ವಾ ಅಂತಾರೆ, ಯಕ್ಕಾ ಅಂತಾರೆ. ಅಜ್ಜಿ ಅಂತ ಕರೆದವನು ಅವನೇ ಮೊದಲಿಗ. "ಅಜ್ಜಿ, ಸ್ವಲ್ಪ ದಿನ ಆ ಕಡೆ ಕೂತ್ಕೊಳ್ಳಿ. ದೀಪಾವಳಿ ಒಳಗೆ ಎಲ್ಲಾ ಮುಗಿದುಹೋಗುತ್ತೆ," ಅಂದ. ಯಾವ ದೀಪಾವಳಿ ಅಂತ ಕೇಳಿದೆ. ಅವನು ನಕ್ಕ. ನಾನು ನಗಿಸಲು ಕೇಳಿರಲಿಲ್ಲ.

ಅಗೆಯುವುದನ್ನು ನೋಡುವುದು ಮೊದಲು ಚೆನ್ನಾಗಿತ್ತು. ಜೆಸಿಬಿ ಒಂದು ಕೈ ಹಾಕಿದರೆ ಒಂದು ಕೋಣೆಯಷ್ಟು ಮಣ್ಣು ಮೇಲೆ ಬರುತ್ತಿತ್ತು. ಮೂರನೆಯ ಕೈಗೆ ಕುಡಿಯುವ ನೀರಿನ ಪೈಪು ಒಡೆಯಿತು. ಅದನ್ನು ರಿಪೇರಿ ಮಾಡುವವರು ಬೇರೆ ಇಲಾಖೆಯವರಂತೆ, ಅವರು ಬರುವ ತನಕ ಗುಂಡಿ ಕೆರೆಯಾಯಿತು. ನೀರು ತೆಗೆದರೆ ಒಂದು ವಾಯರು ಸಿಕ್ಕಿತು. ಅದು ಯಾರದು ಅಂತ ಯಾರಿಗೂ ಗೊತ್ತಿಲ್ಲ, ಕತ್ತರಿಸುವ ಧೈರ್ಯವೂ ಇಲ್ಲ. ಗುಂಡಿಗೆ ಮುರುಮ ಮಣ್ಣು ತುಂಬಿ ಮುಚ್ಚಿದರು, ಇನ್ನೊಂದು ಇಲಾಖೆಯವರು ಬಂದು ಅದೇ ಮುರುಮ ತೆಗೆದು ಪಕ್ಕಕ್ಕೆ ಹಾಕಿದರು. ಕಂಬಗಳ ಕಬ್ಬಿಣ ಮಾತ್ರ ಎದ್ದು ನಿಂತಿತು, ಜೋಳ ಕೊಯ್ದ ಹೊಲದ ಕೂಳೆಯ ಹಾಗೆ. ಇವತ್ತಿಗೂ ಹಾಗೇ ನಿಂತಿದೆ. ಅದರ ಮೇಲೆ ಕಾಗೆ ಕೂಡುತ್ತವೆ. ಸೇತುವೆಯಿಂದ ಉಪಯೋಗ ಆದದ್ದು ಈತನಕ ಅವಕ್ಕೇ.

ರಸ್ತೆ ಮುಚ್ಚಿ ಎರಡೂ ಕಡೆ ತಗಡು ಬಡಿದರು. ತಗಡಿನ ಆಚೆ ಜನ, ಈಚೆ ನಾನು. ದೂಳು ಎಷ್ಟು ಅಂದರೆ ನನ್ನ ಹಣ್ಣು ಕೆಂಪೂ ಅಲ್ಲ ಹಳದಿಯೂ ಅಲ್ಲ, ಸಿಮೆಂಟಿನ ಬಾಳೆ. ಒಬ್ಬ ಹೆಣ್ಣುಮಗಳು ಸೆರಗಿನಿಂದ ಒಂದನ್ನು ಒರೆಸಿ, ಒಳಗೆ ಕೆಂಪು ಕಂಡು, ಹೆದರಿ ಅಲ್ಲೇ ಇಟ್ಟು ಹೋದಳು. ಗೇಟಿನ ಬಾಜು ಪಂಕ್ಚರ್ ಅಂಗಡಿ ಇಟ್ಟ ಮಹಬೂಬನಿಗೆ ಮಾತ್ರ ಸುಗ್ಗಿ. ಖಡಿ ಕಲ್ಲು, ಮೊಳೆ, ತಂತಿ, ಎಲ್ಲವೂ ಅವನ ಕಡೆಯ ನೆಂಟರು. ಚಾ ಕುಡಿಸಿ ಅವನೆಂದ, "ಖಾಲಾ, ಸಿಟ್ಟಾಗಬ್ಯಾಡ್ರಿ, ಇನ್ನೊಂದ್ ವರ್ಷ ಹಿಂಗೇ ಇರ್ಲಿ ಅಂತ ನಾ ದುವಾ ಮಾಡಾಕತ್ತೀನಿ." ಇಷ್ಟು ವರ್ಷ ಗೇಟು ಬೀಳಲಿ ಅಂತ ನಾನು ಬೇಡಿಕೊಂಡದ್ದೂ ಅಂಥದೇ. ಅವನ ಚಾ ಮುಗಿಸಿ ಎದ್ದೆ.

ನನ್ನ ಲೆಕ್ಕ ಎರಡೂ ಕಡೆ ತಪ್ಪುತ್ತದೆ ನೋಡಿ. ಕೆಲಸ ಮುಗಿಯುವ ತನಕ ರಸ್ತೆಯಿಲ್ಲ. ಕೆಲಸ ಮುಗಿದ ದಿನ ಗೇಟೇ ಇಲ್ಲ. ಜನ ನನ್ನ ತಲೆಯ ಮೇಲಿನಿಂದ ಭರ್ ಅಂತ ಹೋಗುತ್ತಾರೆ. ಸೇತುವೆಯ ಮೇಲೆ ಹೋಗುವವನು ಕೆಳಗಿನ ಬಾಳೆಹಣ್ಣಿಗೆ ಇಳಿದು ಬರುತ್ತಾನೆಯೇ? ಬೇಗ ಮುಗಿಸಿ ಅಂತಲೂ ಬೇಡಿಕೊಳ್ಳಲಾರೆ, ತಡ ಮಾಡಿ ಅಂತಲೂ ಬೇಡಿಕೊಳ್ಳಲಾರೆ. ದೇವರ ಮುಂದೆ ಹೋಗಿ ಏನು ಕೇಳಬೇಕೋ ತಿಳಿಯದೆ ಗಂಟೆ ಬಾರಿಸಿ ಹಾಗೇ ಬಂದಿದ್ದೇನೆ.

ಮನೆಯಲ್ಲಿ ಸೊಸೆ, ಅತ್ತೀ ಸಾಕು, ಹಣ್ಣು ಇಲ್ಲೇ ವ್ಯಾಪಾರಿಗೆ ಹಾಕಿ ಮನೆಯಲ್ಲಿ ಕೂಡು ಅಂದಳು. ಕೆಟ್ಟವಳಲ್ಲ, ನನ್ನ ಮೊಣಕಾಲು ನೋಡಿ ಅಂದದ್ದು. ಮನೆಯಲ್ಲಿ ಕೂತವರ ಕತೆ ನನಗೆ ಗೊತ್ತಿದೆ. ಬೇಳೆ ಆರಿಸಬೇಕು, ಟೀವಿಯಲ್ಲಿ ಅಳುವವರನ್ನು ನೋಡಬೇಕು, ಬಂದವರಿಗೆಲ್ಲ ನೋವು ಎಲ್ಲಿದೆ ಅಂತ ತೋರಿಸಬೇಕು, ಸಾವಿಗೆ ಕಾಯಬೇಕು. ಕಾಯುವುದೇ ಆದರೆ ಕಾಯುತ್ತಾ ಬಯ್ಯುವವರ ನಡುವೆ ಕೂತು ಕಾಯುವುದು ಎಷ್ಟೋ ವಾಸಿ. ಬರುವುದಿಲ್ಲ ಅಂದೆ. ಅಂದೇನೋ ಅಂದೆ, ಕೂಡಲು ಒಂದು ಜಾಗ ಬೇಕಲ್ಲ. ಮನೆಯ ಮೂಲೆಯಲ್ಲಿ ಗೊನೆಗಳು ಕಪ್ಪಾಗುತ್ತಿದ್ದವು. ಎಮ್ಮೆಗೆ ಹಾಕಿದೆ. ನಾಲ್ಕು ದಿನ ತಿಂದು ಅದೂ ಮುಖ ತಿರುವಿತು.

ಗಾಡಿಗಳನ್ನು ಹಿಂದಿನ ಓಣಿಗೆ ತಿರುಗಿಸಿದ್ದರು. ಜನ ಇದ್ದಲ್ಲಿ ನಾನು, ಪುಟ್ಟಿ ಎತ್ತಿಕೊಂಡು ಆ ಓಣಿಯಲ್ಲಿ ಹೂ ಮಾರುವ ಶಾಂತಾಬಾಯಿಯ ಬಾಜು ಕೂತೆ. ನೆರಳಿತ್ತು, ಜನವಿತ್ತು. ಒಂದು ವಾರಕ್ಕೆ ಜೆಸಿಬಿ ಬಂತು, ಗಟಾರ ಮಾಡಬೇಕಂತೆ. ಇಬ್ಬರೂ ಎದ್ದು ದವಾಖಾನೆಯ ಗೋಡೆಗೆ ಹೋದೆವು. ಅಲ್ಲಿಗೂ ಅದು ವಾಯರು ಹೂಳಲು ಬಂತು. ಅಲ್ಲಿಂದ ಶಾಲೆಯ ಮುಂದಿನ ಬೇವಿನ ಗಿಡದ ಕೆಳಗೆ ಹೋಗಿ ಕೂತೆವು. ಅಲ್ಲಿ ಯಾವ ಕೆಲಸವೂ ಇರಲಿಲ್ಲ, ಡ್ರೈವರ್ ಊಟಕ್ಕೆ ಅಂತ ನೆರಳಿಗೆ ಜೆಸಿಬಿ ತಂದು ನಿಲ್ಲಿಸಿದ. ಆ ಕಡೆ ಬಂದ ಯಾವನೋ ಸಾಹೇಬ ಅದು ನಿಂತದ್ದನ್ನು ನೋಡಿ, ಹೇಗೂ ಬಂದಿದೆಯಲ್ಲ ಅಂತ ಅಲ್ಲೂ ಒಂದು ಗುಂಡಿ ತೋಡಿಸಿದ. ಯಾಕೆ ಅಂತ ಗುಂಡಿಗೂ ಗೊತ್ತಿಲ್ಲ.

ಆ ದಿನ ಶಾಂತಾಬಾಯಿ ಹೂ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಯಕ್ಕಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ. ನೀ ಕುಂತಲ್ಲಿ ಜೆಸಿಬಿ ಬರ್ತದ. ನಾಳಿಂದ ನನ್ನ ಬಾಜು ಕುಂದ್ರಬ್ಯಾಡ."

"ನಾ ಏನ್ ಅದಕ್ಕ ಫೋನ್ ಮಾಡಿ ಕರೀತೀನೇನ?"

"ಕರದ್ರ ಬರಲಾರದ್ದು ಅದು. ನೀ ಕರೀಲಾರದೇ ಬರ್ತದಲ್ಲ, ಅದಕ್ಕೇ ಅಂಜಿಕಿ."

ಜಗಳಕ್ಕೆ ಬಾಯಿ ತೆರೆದೆ. ಸುತ್ತ ಕೂತ ಕಾಯಿಪಲ್ಲೆಯವರು, ಕಡಲೆಯವರು ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರೂ ಮೊದಲೇ ಮಾತಾಡಿಕೊಂಡಿದ್ದರು ಅಂತ ಆಗ ತಿಳಿಯಿತು. ಬಾಯಿ ಮುಚ್ಚಿ ಪುಟ್ಟಿ ಎತ್ತಿದೆ. ಅಲ್ಲಿಂದ ಎಲ್ಲಿ ಕೂಡಲು ಹೋದರೂ ಇದೇ ಪಾಡು. ಒಬ್ಬ ಅಂಗಡಿಯವನು ಕೈಮುಗಿದು, ಅವ್ವಾ, ಈಗಷ್ಟೇ ಅಂಗಡಿ ಮುಂದೆ ಫರಸಿ ಕಲ್ಲು ಹಾಕಿಸೀನಿ, ದಯಮಾಡಿ ಮುಂದೆ ಹೋಗು ಅಂದ. ಕಲಬುರಗಿಯಂಥ ಊರಲ್ಲಿ ಒಂದು ಪುಟ್ಟಿಯಷ್ಟು ನೆಲ ನನಗೆ ಇಲ್ಲವಾಯಿತು.

ನಾಳೆಯಿಂದ ಬರುವುದು ಬೇಡ ಅಂತ ನಿಶ್ಚಯ ಮಾಡಿ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಒಬ್ಬ ಮಾಸ್ತರರು ಹುಡುಕಿಕೊಂಡು ಬಂದರು. ರಿಟೈರ್ ಆದವರು, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಶರಣಸಿರಸಗಿ ಕಡೆ ಹೊಸ ಲೇಔಟಿನಲ್ಲಿ ಮನೆ ಕಟ್ಟಿದ್ದಾರಂತೆ. ಮನೆಗಳಿವೆ, ರಸ್ತೆಯಿಲ್ಲ, ಗಟಾರವಿಲ್ಲ. ಆಫೀಸುಗಳಿಗೆ ತಿರುಗಿ ಚಪ್ಪಲಿ ಸವೆದಿವೆ. ಮಹಬೂಬನ ಅಂಗಡಿಯಲ್ಲಿ ಪಂಕ್ಚರ್ ಹಾಕಿಸುವಾಗ ನನ್ನ ಸುದ್ದಿ ಕೇಳಿದರಂತೆ. ತಗ್ಗಿದ ದನಿಯಲ್ಲಿ, "ಅವ್ವಾರ, ತಪ್ಪು ತಿಳಕೋಬ್ಯಾಡ್ರಿ. ನಾನು ಇಂಥಾದ್ದೆಲ್ಲಾ ನಂಬೋನಲ್ಲ. ಆದ್ರ ನಮ್ಮ ಓಣ್ಯಾಗ ಒಂದೀಟು ದಿನ ಬಂದು ಕುಂದ್ರತೀರೇನ್ರಿ?" ಅಂದರು.

ಬಯ್ಯಬೇಕಿತ್ತು. ಆದರೆ ಬಂದು ಕೂಡು ಅಂತ ಆ ಊರಲ್ಲಿ ಅಂದವರು ಅವರೊಬ್ಬರೇ. ಹೋದೆ.

ನನಗೆ ಅಲ್ಲಿ ಸಿಕ್ಕ ಮರ್ಯಾದೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ. ತಗಡಿನ ನೆರಳು ಮಾಡಿಕೊಟ್ಟರು, ಕೂಡಲು ಮಣೆ ಕೊಟ್ಟರು, ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಲೆ, ಎರಡು ಹೊತ್ತು ಚಾ. ಮೊದಲ ದಿನ ಮನೆಮನೆಯವರು ಬಂದು ಹಣ್ಣು ಒಯ್ದರು. ಎರಡನೆಯ ದಿನ ಯಾರೂ ಬರಲಿಲ್ಲ, ಮೊದಲಿನವೇ ಮನೆಯಲ್ಲಿದ್ದವು. ಹೊರಗಿನವರು ಬರಲು ಅಲ್ಲಿ ರಸ್ತೆಯೇ ಇಲ್ಲ. ಜೆಸಿಬಿಯೂ ಬರಲಿಲ್ಲ. ಬಸುರಿಯನ್ನು ಕೇಳುವ ಹಾಗೆ ಹೆಂಗಸರು ನನ್ನನ್ನು ಬಾಗಿಲಿಂದ ಏನಾದರೂ ಸುದ್ದಿಯೇ ಅಂತ ಕೇಳತೊಡಗಿದರು. ಮಾಸ್ತರರು ಪೂರ್ವಕ್ಕೆ ಮುಖ ಮಾಡಿ ಕೂತು ನೋಡಿ ಅಂದರು. ಇಂಥದ್ದು ನಂಬದ ಮನುಷ್ಯ, ಅಂದದ್ದಕ್ಕೆ ಬೆಲೆ ಕೊಟ್ಟು ತಿರುಗಿ ಕೂತೆ. ಬಿಸಿಲು ಕಣ್ಣಿಗೆ ಬಡಿಯಿತು, ಅಷ್ಟೇ. ಸಂಜೆಯ ಚಾ ನಿಂತಿತು. ಆಮೇಲೆ ರೊಟ್ಟಿ ಆರಿದ್ದು ಬರತೊಡಗಿತು. ಆರಿದ ರೊಟ್ಟಿಯ ಅರ್ಥ ತಿಳಿಯಲು ಶಾಲೆ ಕಲಿಯಬೇಕಿಲ್ಲ. ಈ ಜಾಗವೂ ಹೋದರೆ ಮುಂದೆ ನಮ್ಮ ಮನೆಯ ಟೀವಿಯೇ.

ನಿನ್ನೆ ಮಧ್ಯಾಹ್ನ ದೂರದಲ್ಲಿ ಆ ಸಪ್ಪಳ ಕೇಳಿತು. ಅದನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಪುಟ್ಟಿ ಅಲ್ಲೇ ಬಿಟ್ಟು, ಸೀರೆ ಎತ್ತಿ ಕಟ್ಟಿ, ಈ ಮೊಣಕಾಲು ಇಟ್ಟುಕೊಂಡು ಓಡಿದೆ. ಹಿಂದೆ ಬಾಗಿಲುಗಳು ತೆರೆದವು, ಹೆಂಗಸರು, ಗಂಡಸರು, ಮಾಸ್ತರರು ಎಲ್ಲರೂ ಬಂದರು. ಜೆಸಿಬಿ ದೊಡ್ಡ ರಸ್ತೆಯಲ್ಲಿ ಬರುತ್ತಿತ್ತು. ನಾನು ನಡುವೆ ನಿಂತು, ಬಸ್ಸಿಗೆ ಕೈ ಮಾಡಿದ ಹಾಗೆ ಎರಡೂ ಕೈ ಎತ್ತಿದೆ.

"ಏ ತಮ್ಮಾ, ಈ ಕಡಿ ಬಾರೋ. ನಾ ಇಲ್ಲಿ ಕುಂತೀನಿ."

ಡ್ರೈವರ್ ನನ್ನನ್ನು ಸುತ್ತು ಹಾಕಿ ಯಾರದೋ ಹೊಲದ ಕಡೆ ಹೋಗಿಬಿಟ್ಟ. ನನ್ನ ಜಾಗಗಳನ್ನೆಲ್ಲ ತಿಂದ ಯಂತ್ರಕ್ಕೆ ನಾನೇ ಕೈ ಮಾಡಿ ಕರೆದೆ, ಅದು ಒಲ್ಲೆ ಅಂತ ಹೋಯಿತು. ಬಾಯಿತುಂಬ ದೂಳು. ಉಗುಳಿ ತಿರುಗಿದರೆ ಓಣಿಯೆಲ್ಲ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದೆ. ಮಾಸ್ತರರು ಹತ್ತಿರ ಬಂದು, ಬಹಳ ಸಂಕೋಚದಿಂದ, ನಿಮ್ಮಂಥವರು ಬೇರೆ ಯಾರಾದರೂ ಗೊತ್ತಿದ್ದರೆ ಹೇಳಿ ಅಂದರು. ನಾನು, ಇನ್ನೊಂದು ವಾರ ತಾಳಿರಿ, ಕೆಲಸ ಆಗೇ ಆಗುತ್ತದೆ, ಮೇಲಿನಿಂದ ಆರ್ಡರ್ ಬರುವುದೊಂದೇ ಬಾಕಿ ಅಂತ ಹೇಳಿ ಹೋಗಿ ಕೂತೆ. ಸಾಯುವ ವಯಸ್ಸಿನಲ್ಲಿ ಇಷ್ಟು ಮೆತ್ತಗೆ ಮಾತಾಡಲು ಎಲ್ಲಿ ಕಲಿತೆನೋ ನನಗೇ ತಿಳಿಯದು. ತಲೆಯ ಮೇಲೆ ಆ ಎಂಜಿನಿಯರನ ಹಳದಿ ಟೊಪ್ಪಿಗೆ ಇಲ್ಲ, ಅಷ್ಟೇ.