ಎಚ್ಚರದ ಚಾಕರಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜು ಸೇರಿದ ವರ್ಷದಿಂದ ನಾನು ದಿನಚರಿ ಬರೆಯುತ್ತ ಬಂದವಳು. ಹಾಗಾಗಿ ನೆನಪಿನ ವಿಷಯದಲ್ಲಿ ನನ್ನನ್ನು ನಂಬಬಹುದೆಂದು ನೀವು ತಿಳಿಯಬಹುದು. ನಂಬಬೇಡಿ. ಎಲ್ಲರೂ ತಪ್ಪು ನೆನೆಯುತ್ತಾರೆ, ದಿನಚರಿ ಇಟ್ಟವರಿಗೆ ಅದಕ್ಕೆ ಲಿಖಿತ ಸಾಕ್ಷಿಯಿರುತ್ತದೆ, ಅಷ್ಟೇ ವ್ಯತ್ಯಾಸ. ಅದೂ ಅಲ್ಲದೆ, ಈ ಪ್ರಸಂಗ ನಡೆದ ವರ್ಷದ ದಿನಚರಿಯನ್ನು ಮೊನ್ನೆ ಪೆಟ್ಟಿಗೆಯಿಂದ ತೆಗೆದರೆ ಓದಲಾಗಲಿಲ್ಲ. ನನ್ನ ಬೇನೆಯ ಗುಣಗಳಲ್ಲಿ ಒಂದೆಂದರೆ ಬರೆಯುತ್ತ ಬರೆಯುತ್ತ ಅಕ್ಷರ ಸಣ್ಣದಾಗುವುದು. ಸಾಲಿನ ಆರಂಭದಲ್ಲಿ ಕಡಲೆ ಕಾಳಿನಷ್ಟಿದ್ದದ್ದು ನಡುವೆ ಸಾಸಿವೆಯಾಗಿ, ಕೊನೆಗೆ ಗಸಗಸೆಯಾಗಿ ಕಾಗದದಲ್ಲೇ ಇಂಗಿಹೋಗಿತ್ತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. "ಇವತ್ತು ರಾತ್ರಿ" ಎಂಬಷ್ಟು ಮಾತ್ರ ಸ್ಪಷ್ಟ. ಮುಂದೆಲ್ಲ ಇರುವೆಯ ಸಾಲು. ಇರಲಿ, ಮುಂದಿನದನ್ನು ಓದದೆಯೂ ಹೇಳಬಲ್ಲೆ: ಇವತ್ತು ರಾತ್ರಿಯೂ ನಿದ್ದೆ ಬರಲಿಲ್ಲ.

ನಾವಾಗ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಗೆ ಹೋಗುವವರೇ ತುಂಬಿದ್ದ ಒಂದು ಚಾಳಿನಲ್ಲಿದ್ದೆವು. ಒಂದೇ ಗೋಡೆ ಹಂಚಿಕೊಂಡ ಎಂಟು ಮನೆಗಳ ಸಾಲು; ನಮ್ಮದು ಕೊನೆಯದು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತರು. ಒಂದು ದಿನ ಸುಮ್ಮನೆ ಕುಳಿತಿದ್ದಾಗ ನನ್ನ ಬಲಗೈಯ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ತಾನೇ ಉರುಳತೊಡಗಿತು, ದೇವರ ದೀಪಕ್ಕೆ ಬತ್ತಿ ಹೊಸೆಯುವವರ ಹಾಗೆ. ಪಕ್ಕದ ಮನೆಯ ಗಂಗವ್ವ ನೋಡಿ, "ಯಾವ ದೇವರಿಗ್ರಿ ಬಾಯಾರ ಇಷ್ಟು ಬತ್ತಿ? ಹತ್ತಿನೂ ಇಲ್ಲದ ಹೊಸೀಲಿಕ್ಕೆ ಹತ್ತೀರಿ" ಎಂದಳು. ಆರು ತಿಂಗಳಲ್ಲಿ ಬತ್ತಿಯ ಕೆಲಸ ಇಡೀ ಕೈಗೆ ಹರಡಿತು. ಹುಬ್ಬಳ್ಳಿಯ ಡಾಕ್ಟರರು ನನ್ನನ್ನು ನಡೆಸಿ, ನಿಲ್ಲಿಸಿ, ಮೊಣಕೈ ಮಡಿಸಿ ನೋಡಿ, ಇದು ಪಾರ್ಕಿನ್ಸನ್ ಬೇನೆ, ಹೆಸರು ಒಬ್ಬ ಇಂಗ್ಲಿಷ್ ವೈದ್ಯನದು ಎಂದರು. ಗಂಗವ್ವನಿಗೆ ಹೇಳಿದೆ. ಅವಳು, "ನೋಡ್ರಿ ಮತ್ತ. ಸಾಹೇಬರು ದೇಶಾ ಬಿಟ್ಟು ಹೋದ್ರು, ಬ್ಯಾನಿ ಇಲ್ಲೇ ಬಿಟ್ಟು ಹೋದ್ರು" ಎಂದಳು. ಇದಕ್ಕಿಂತ ಸರಿಯಾದ ವಿವರಣೆಯನ್ನು ನನಗೆ ಇಂದಿಗೂ ಯಾರೂ ಕೊಟ್ಟಿಲ್ಲ. ಈ ಕೈಯ ಸ್ವಭಾವ ವಿಚಿತ್ರ. ಸೌಟು ಹಿಡಿದರೆ, ಸೂಜಿ ಹಿಡಿದರೆ ಅಷ್ಟಿಷ್ಟು ಸಭ್ಯವಾಗಿರುತ್ತದೆ. ಸುಮ್ಮನಿರು ಎಂದು ತೊಡೆಯ ಮೇಲಿಟ್ಟರೆ ಕುಣಿಯುತ್ತದೆ. ವಿಶ್ರಾಂತಿ ಎಂದರೆ ಅದಕ್ಕೆ ಅಪಮಾನ. ಹಗಲು ಅದನ್ನು ಹೇಗೋ ಸಂಭಾಳಿಸಬಹುದು. ರಾತ್ರಿ ಹಾಸಿಗೆಯಲ್ಲಿ ಕೈಗೆ ಯಾವ ಕೆಲಸ ಹಚ್ಚುತ್ತೀರಿ?

ಕೈಯೊಂದೇ ಆಗಿದ್ದರೆ ದಿಂಬಿನ ಕೆಳಗೆ ಅಮುಕಿಡಬಹುದಿತ್ತು. ಮೈಯೂ ಬಿಗಿಯುತ್ತದೆ. ಮಗ್ಗುಲು ಬದಲಿಸುವುದು ಎಷ್ಟು ದೊಡ್ಡ ವಿದ್ಯೆಯೆಂದು ಆರೋಗ್ಯವಂತರಿಗೆ ತಿಳಿಯದು. ಅವರು ನಿದ್ದೆಯಲ್ಲೇ ಮಾಡಿಬಿಡುತ್ತಾರೆ. ನಾನೋ ಬೆನ್ನಿನ ಮೇಲೆ ಬಿದ್ದ ಜೀರುಂಡೆಯಂತೆ ಸೂರು ನೋಡುತ್ತ, ಯಾವ ಕಾಲನ್ನು ಮೊದಲು ಎತ್ತುವುದು, ಸೊಂಟ ಯಾವಾಗ ಹಿಂಬಾಲಿಸಬೇಕು ಎಂದು ಯೋಜನೆ ಹಾಕಬೇಕು. ಕೊನೆಗೆ ಮಂಚದ ಕಾಲಿಗೆ ಒಂದು ಹಳೆಯ ಸೀರೆ ಕಟ್ಟಿ, ಬಾವಿಯಿಂದ ಕೊಡ ಸೇದುವ ಹಾಗೆ ನನ್ನನ್ನು ನಾನೇ ಸೇದಿಕೊಳ್ಳತೊಡಗಿದೆ. ಪಕ್ಕದಲ್ಲಿ ನಮ್ಮವರು ಮಲಗಿದರೆಂದರೆ ಕಾಳಿ ನದಿಗೆ ತೇಗದ ದಿಮ್ಮಿ ಬಿದ್ದ ಹಾಗೆ. ಮೂವತ್ತು ವರ್ಷ ಬಾಳಿದವರ ಮೇಲೆ ಅಷ್ಟು ಅಸೂಯೆ ಬರಬಾರದು, ಬರುತ್ತಿತ್ತು. ಹಾಲಿಗೆ ಜಾಜಿಕಾಯಿ, ಅಂಗಾಲಿಗೆ ಎಣ್ಣೆ, ಗಸಗಸೆ ಪಾಯಸ ಎಲ್ಲ ಆಯಿತು. ಪಾಯಸ ಉಂಡ ನಮ್ಮವರಿಗೆ ಇನ್ನಷ್ಟು ನಿದ್ದೆ ಬಂತು. ಆ ಹೊತ್ತಿನಲ್ಲಿ ನನಗೆ ನೆನಪಾಗುತ್ತಿದ್ದದ್ದು ಧಾರವಾಡದ ಕಾಲೇಜು. ಮಧ್ಯಾಹ್ನ ಊಟವಾದ ಮೇಲೆ ತರ್ಕಶಾಸ್ತ್ರದ ತರಗತಿ. ಕಿಟಕಿಯಲ್ಲಿ ಬೇವಿನ ಗಾಳಿ, ಪ್ರೊಫೆಸರರ ಒಂದೇ ಶ್ರುತಿಯ ದನಿ. ಬೆಂಚಿನ ತುದಿಯಲ್ಲಿ ಗಲ್ಲಕ್ಕೆ ಕೈಯಾನಿಸಿ ಎರಡು ವರ್ಷ ನಾನು ಪೋಲು ಮಾಡಿದ ನಿದ್ದೆ! ಒಂದು ಸಲವಂತೂ ಅವರು ನನ್ನನ್ನೇ ಎಬ್ಬಿಸಿ ಪ್ರಶ್ನೆ ಕೇಳಿದ್ದರು. ಪ್ರಶ್ನೆ ಮರೆತಿದೆ. ಎಬ್ಬಿಸಿದ್ದನ್ನು ಮಾತ್ರ ನಾನು ಕ್ಷಮಿಸಿಲ್ಲ.

ಚಾಕರಿ ಸಿಕ್ಕಿದ್ದು ಹೀಗೆ. ಬೆಳಗಿನ ಪಾಳಿಗೆ ಆರಕ್ಕೆ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್ನು, ಕೂಗುತ್ತಿತ್ತು. ಭೋಂಗಾ ಕೇಳಿ ಎದ್ದವನು ಕೆಟ್ಟ. ಅದು ಕೂಗುವಷ್ಟರಲ್ಲಿ ಗೇಟಿನ ಒಳಗಿರಬೇಕು. ಇಡೀ ಸಾಲಿನಲ್ಲಿ ಅಲಾರಾಮು ಇದ್ದದ್ದು ಒಂದೇ, ಅದೂ ತನ್ನ ಮನಸ್ಸು ಬಂದಾಗ ಬಾರಿಸುವಂಥದು. ಗಂಗವ್ವನ ಗಂಡನಿಗೆ ಬಿದಿರಿನ ಯಾರ್ಡಿನಲ್ಲಿ ಕೆಲಸ. ಒಂದೇ ವಾರದಲ್ಲಿ ಆತ ಎರಡು ಪಾಳಿ ತಪ್ಪಿಸಿಕೊಂಡ. ಮರುದಿನ ಗಂಗವ್ವ ಬಂದು ಬಾಗಿಲಿಗೆ ಒರಗಿ ನಿಂತಳು.

"ಬಾಯಾರ, ಒಂದ್ ಮಾತು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ನೀವು ಹೆಂಗೂ ಎಚ್ಚರ ಇರ್ತೀರಿ. ನಾಲ್ಕೂವರಿಗೆ ನಮ್ಮ ಬಾಗಲಾ ಒಂದೀಟು ಬಡದ್ರ ಏನಾಕ್ಕೈತಿ?"

ಸಿಟ್ಟು ಬಂತು. ನನ್ನ ಬೇನೆಯನ್ನು ಊರ ಗಡಿಯಾರ ಮಾಡಲು ಹೊರಟಿದ್ದಾಳಲ್ಲ! ಆದರೂ ಆ ರಾತ್ರಿ ನಾಲ್ಕೂವರೆಗೆ ಗೋಡೆ ಹಿಡಿದು ಹೋಗಿ ಅವರ ಬಾಗಿಲಿನ ಮುಂದೆ ನಿಂತೆ. ಬಡಿಯಬೇಕಾಗಿಯೇ ಬರಲಿಲ್ಲ. ಹಿತ್ತಾಳೆಯ ಸೌಟನ್ನು ಸಡಿಲವಾಗಿ ಹಿಡಿದು ಬಾಗಿಲ ತಗಡಿಗೆ ಒರಗಿಸಿದೆ, ಅಷ್ಟೇ. ಮುಂದಿನದನ್ನು ಕೈ ನೋಡಿಕೊಂಡಿತು. ಟಕಟಕಟಕಟಕ ಎಂದು ಅದು ಎತ್ತಿದ ಸದ್ದಿಗೆ ಗಂಗವ್ವನ ಗಂಡನಷ್ಟೇ ಅಲ್ಲ, ಅವರ ಕೋಳಿಯೂ ಎದ್ದಿತು. ತಿಂಗಳೊಳಗೆ ಏಳೂ ಮನೆಯವರು ಹೆಸರು ಹಚ್ಚಿದರು. ಮೂರನೆಯ ಮನೆಯ ಬಸ್ತ್ಯಾಂವ ಸಿದ್ದಿ, ಜೊಯಿಡಾ ಕಡೆಯ ಕಾಡಿನ ಹಳ್ಳಿಯಿಂದ ಬಂದು ಯಂತ್ರದ ಮನೆಯಲ್ಲಿ ಕೆಲಸ ಮಾಡುತ್ತಿದ್ದವನು, "ಬಾಯಾರ ಕೈಯಂದ್ರ ಕೈ ನೋಡ್ರಿ! ಸತ್ತಾಂವನೂ ಎದ್ದು ಗೇಟಿಗೆ ಓಡಬೇಕು" ಎಂದು ಎಲ್ಲರ ಮುಂದೆ ಹೊಗಳಿದ. ಡಿಗ್ರಿ ತೆಗೆದುಕೊಂಡ ದಿನ ಕೂಡ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಯಾರಿಗೆ ಯಾವ ವಾರ ಯಾವ ಪಾಳಿ ಎಂದು ಬರೆದಿಟ್ಟುಕೊಂಡೆ. ಒಮ್ಮೆ ಸಾಲು ತಪ್ಪಿ, ಎರಡನೇ ಪಾಳಿ ಮುಗಿಸಿ ತಡವಾಗಿ ಮಲಗಿದ್ದವನನ್ನು ಎಬ್ಬಿಸಿಬಿಟ್ಟೆ. ಆತ ಅರೆನಿದ್ದೆಯಲ್ಲೇ ಡಬ್ಬಿ ಹಿಡಿದು ಗೇಟಿನವರೆಗೆ ಹೋಗಿ ಬಂದ. ಬೈಯಲಿಲ್ಲ. ನಾನು ಎಬ್ಬಿಸಿದ ಮೇಲೆ ಅದಕ್ಕೊಂದು ಕಾರಣ ಇದ್ದೇ ಇರಬೇಕೆಂದು ತಿಳಿದನಂತೆ.

ಆಮೇಲೆ ನನ್ನಲ್ಲಿ ಒಂದು ಸಣ್ಣ ಕಪಟ ಹುಟ್ಟಿತು. ನಿದ್ದೆ ಬೇಕು ಎಂದು ಹಂಬಲಿಸುವುದೂ ಉಂಟು, ಬಂದುಬಿಟ್ಟರೆ ಎಂದು ಹೆದರುವುದೂ ಉಂಟು. ಮೂರು ಗಂಟೆಯ ಸುಮಾರಿಗೆ ಕಣ್ಣು ಜಡವಾದರೆ, ಈಗ ಬೇಡ, ಐದಕ್ಕೆ ಬಾ ಎಂದು ಕಳಿಸಿಬಿಡುತ್ತಿದ್ದೆ. ಐದಕ್ಕೆ ಅದೆಲ್ಲಿ ಬಂದೀತು? ನಿದ್ದೆಗೂ ಮಾನವಿದೆ. ಎಂಟು ಮನೆಯೂ ಮಲಗಿದ್ದಾಗ ಗೋಡೆಯ ಆಚೆಯಿಂದ ಬರುತ್ತಿದ್ದ ಉಸಿರುಗಳನ್ನು ಕೇಳುತ್ತಿದ್ದೆ. ಒಬ್ಬನದು ಗರಗಸ, ಒಬ್ಬಳದು ಕುದಿಯುವ ಎಸರು, ಮಕ್ಕಳದು ಏನೂ ಇಲ್ಲ, ಬರೀ ಗಾಳಿ. ಎಲ್ಲರೂ ಒಂದು ಊರಿಗೆ ಹೋಗಿದ್ದಾರೆ, ಆ ಊರಿಗೆ ನನ್ನೊಬ್ಬಳನ್ನೇ ಬಸ್ಸು ಹತ್ತಿಸಿಕೊಂಡಿಲ್ಲ ಎನಿಸುತ್ತಿತ್ತು. ನಾನೂ ಅಲ್ಲಿಯವಳೇ. ಎಷ್ಟು ವರ್ಷ ಇದ್ದು ಬಂದವಳು. ಒಂದೇ ಒಂದು ಇಡೀ ರಾತ್ರಿ ಅಲ್ಲಿ ಇದ್ದು ಬಂದರೆ ಸಾಕು, ಮತ್ತೇನೂ ಕೇಳುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಆ ಹೊತ್ತಿಗೆ ಹಳಿಯಾಳದಿಂದ ನಮ್ಮಕ್ಕ ಬಂದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭತ್ತದ ಗದ್ದೆ, ನಾಲ್ಕು ಎಮ್ಮೆ, ಇಪ್ಪತ್ತು ಜನರ ಮನೆ ನಡೆಸಿದವಳು. ನನ್ನ ರಾತ್ರಿಯ ಚಾಕರಿಯ ಸುದ್ದಿ ಕೇಳಿ, "ಬಿ.ಎ. ಮಾಡಿ ಕಡೀಕ ಕೋಳಿ ಕೆಲಸಾ ಹಿಡದಿ ನೋಡು" ಎಂದಳು. ರಾತ್ರಿ ನಮ್ಮವರನ್ನು ಪಡಸಾಲೆಗೆ ಅಟ್ಟಿ ನನ್ನ ಪಕ್ಕದಲ್ಲಿ ಮಲಗಿದಳು. ಅಕ್ಕ ನಿದ್ದೆಗೆ ಮದ್ದು ಹೇಳಲಿಲ್ಲ, ಕೈ ನೋಡಿ ಲೊಚಗುಟ್ಟಲಿಲ್ಲ. ನೆಂಟರ ಸುದ್ದಿ ತೆಗೆದಳು. "ನಮ್ಮ ಕಾಶವ್ವನ ಮಗಳನ್ನ ಮುಂಡಗೋಡಕ್ಕ ಕೊಟ್ಟಾರಲ್ಲ, ಆ ಅಳಿಯಾನ ಕಾಕಾನ ಮಗಾ ಅದಾನಲ್ಲ, ಅವನ ಹೇಣತಿ ತವರಮನಿ ಯಾವುದಂದಿ..." ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ. ಕಾಕಾನ ಮಗನವರೆಗೆ ಹೂಂಗುಟ್ಟಿದ್ದು ನೆನಪು. ಅದು ಅದೇ ತರ್ಕಶಾಸ್ತ್ರದ ಶ್ರುತಿ ಎಂದು ಅನಿಸಿದ್ದೂ ನೆನಪು. ಅಥವಾ ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಮುಂದೆ ಕೇಳಿಸಿದ್ದು ಭೋಂಗಾ.

ಆ ವಾರ ಏಳೂ ಮನೆಗೆ ಬೆಳಗಿನ ಪಾಳಿಯೇ ಬಿದ್ದಿತ್ತು. ಭೋಂಗಾದ ಹಿಂದೆಯೇ ಏಳು ಬಾಗಿಲುಗಳು ಧಡಧಡ ತೆರೆದ ಸದ್ದು. ಪಡಸಾಲೆಯಲ್ಲಿ ನಮ್ಮವರು ಒಂದು ತೋಳಿಗೆ ಅಂಗಿ ಹಾಕಿಕೊಂಡು ಇನ್ನೊಂದು ತೋಳನ್ನು ಹುಡುಕುತ್ತಿದ್ದರು. ಹೊರಗೆ ಬಸ್ತ್ಯಾಂವನ ದನಿ: "ಪಾಳಿ ಹಾಳಾಗಿ ಹೋಗ್ಲಿ, ಬಾಯಾರ ಜೀವಂತ ಅದಾರೋ ಇಲ್ಲೋ ಮೊದಲ ನೋಡ್ರಿ!" ಗಂಗವ್ವ ಅಳುತ್ತಲೇ ಒಳಗೆ ನುಗ್ಗಿದಳು. ಹಿಂದೆ ಏಳು ಗಂಡಸರು, ಯಾರೂ ಮುಖ ತೊಳೆದಿರಲಿಲ್ಲ. ನಾನು ಹಾಸಿಗೆಯ ಮೇಲೆ ಎದ್ದು ಕುಳಿತಿದ್ದೆ, ಗಲ್ಲದ ಮೇಲೆ ದಿಂಬಿನ ಗೆರೆ.

"ನಿದ್ದೆ ಹತ್ತಿತ್ತು" ಎಂದೆ, ಕಳ್ಳಿ ತಪ್ಪೊಪ್ಪಿಕೊಳ್ಳುವ ಹಾಗೆ.

ಗಂಗವ್ವ ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಖರೇನ? ಇಡೀ ರಾತ್ರಿ? ಬಾಯಾರ, ಪಾಳಿ ನಾಳೇನೂ ಬರ್ತೈತಿ ಬಿಡ್ರಿ!" ಎಂದು ನನ್ನ ದೃಷ್ಟಿ ತೆಗೆದಳು. ಬಾಗಿಲು ದಾಟುವಾಗ ಅವಳ ಗಂಡ ಮಾತ್ರ ಮೆಲ್ಲಗೆ, "ಇವತ್ತ ಮಲಗೀರಿ, ಭಾಳ ಚಲೋ ಆತು. ನಾಳೆ ಒಂದು ದಿನ ಹೆಂಗರೆ ಮಾಡಿ ಎಚ್ಚರ ಇರ್ರಿ" ಎಂದ. ಎಂಟು ಜನವೂ ಮೆರವಣಿಗೆಯಂತೆ ಗೇಟಿಗೆ ಹೋದರು. ಹಾಜರಿ ಪುಸ್ತಕ ತೆರೆಯಬೇಕಾದವರೇ ಮೆರವಣಿಗೆಯ ಮುಂದಿದ್ದರು. ನಮ್ಮವರು ತಮ್ಮ ಹೆಸರಿನ ಮುಂದೆ ತಾವೇ 'ತಡ' ಎಂದು ಬರೆದುಕೊಂಡರಂತೆ.

ಎಲ್ಲರೂ ಹೋದ ಮೇಲೆ ಅಕ್ಕ ಚಹದ ಬಟ್ಟಲು ತಂದು ನನ್ನೆದುರು ಕುಳಿತಳು. ಅವಳ ಕಣ್ಣು ಕೆಂಪಾಗಿತ್ತು. ರಾತ್ರಿ ಅವಳು ಮಲಗಿರಲಿಲ್ಲ.

"ಶಾಂತಾ, ನಿನ್ನ ಕೈ ರಾತ್ರಿ ಸುಮ್ಮ ಇತ್ತು" ಎಂದಳು. "ನಿದ್ದಿ ಹತ್ತೋತನಕ ನಡಗತಿತ್ತು. ಹತ್ತಿದ ಕೂಡ್ಲೆ ನಿಂತ ಬಿಡ್ತು. ಕೂಸಿನ ಕೈ ಬಿದ್ದಂಗ ಬಿದ್ದಿತ್ತು. ಮುಂಜಾನೆ ತನಕಾ ನೋಡಕೋಂತ ಕುಂತಿದ್ದೆ, ಎಬ್ಬಸಾಕ ಮನಸಾಗಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನನ್ನ ಕೈ ಸುಮ್ಮನಿರುವ ಒಂದೇ ಹೊತ್ತಿನಲ್ಲಿ ನಾನು ಅಲ್ಲಿರುವುದಿಲ್ಲ. ನಂತರ ಡಾಕ್ಟರರನ್ನು ಕೇಳಿದೆ. ಹೌದು, ನಡುಕವೆಲ್ಲ ಎಚ್ಚರಕ್ಕೆ ಸೇರಿದ್ದು, ನಿದ್ದೆಯಲ್ಲಿ ನಿಲ್ಲುತ್ತದೆ ಎಂದರು. ಆದರೆ ಅಂದು ಬೆಳಿಗ್ಗೆ ಚಹದ ಬಟ್ಟಲಿನ ಮುಂದೆ ನನಗೆ ನೆನಪಾದದ್ದು ಬೇರೆ. ನಮ್ಮವ್ವ ಹೋದಾಗ ನನಗೆ ಎಂಟು ವರ್ಷ. ಅವಳ ಮುಖ ಸರಿಯಾಗಿ ಬಾರದು, ಬರುವುದು ಕೈ. ಹಳಿಯಾಳದ ಮನೆಯಲ್ಲಿ ಅವಳ ಪಕ್ಕದಲ್ಲಿ ಮಲಗಿದರೆ ಕೈ ನನ್ನ ಬೆನ್ನಿನ ಮೇಲೆ. ಬೇರೆ ತಾಯಂದಿರ ಹಾಗೆ ನಿಧಾನವಾಗಿ ತಟ್ಟುತ್ತಿರಲಿಲ್ಲ. ಹಗುರವಾಗಿ, ಬಿಡುವಿಲ್ಲದೆ, ಬೇಗ ಬೇಗ, ನನ್ನ ಸೌಟಿನ ಟಕಟಕದ ಹಾಗೆ. ರಾತ್ರಿ ಯಾವಾಗ ಎಚ್ಚರವಾದರೂ ಆ ಕೈ ತಟ್ಟುತ್ತಲೇ ಇರುತ್ತಿತ್ತು. ಇಷ್ಟು ವರ್ಷ ನಿದ್ದೆಯಿಲ್ಲದ ರಾತ್ರಿಗಳಲ್ಲಿ ನಾನು ಹಂಬಲಿಸಿದ್ದು ಗಸಗಸೆಗಲ್ಲ, ಆ ಕೈಗೆ. ಅಂಥ ಪ್ರೀತಿ ಯಾರಿಗೆ ಸಿಕ್ಕೀತು ಎಂದು ದಿನಚರಿಯಲ್ಲಿ, ಅಕ್ಷರ ಇನ್ನೂ ದೊಡ್ಡದಿದ್ದ ಕಾಲದಲ್ಲಿ, ಪುಟಗಟ್ಟಲೆ ಬರೆದಿದ್ದೇನೆ. ಒಂದೇ ರಾತ್ರಿ ಕಂಡದ್ದನ್ನು ಎಲ್ಲ ರಾತ್ರಿಗೂ ಹರಡಿಕೊಂಡಿದ್ದೇನೋ, ತಿಳಿಯದು. ಎಂಟು ವರ್ಷದ ಹುಡುಗಿಯ ಸಾಕ್ಷಿಯನ್ನು ಯಾವ ತರ್ಕಶಾಸ್ತ್ರವೂ ಒಪ್ಪುವುದಿಲ್ಲ. ಅಕ್ಕನನ್ನಾದರೆ ಆ ಊರಿನಲ್ಲೇ ಕೊಟ್ಟಿದ್ದರು, ದಿನಾ ಬಂದು ಹೋಗುತ್ತಿದ್ದಳು; ಅವಳಿಗೆ ಗೊತ್ತಿರಬೇಕು.

ಕೇಳಿದೆ. ಅಕ್ಕ ಬಟ್ಟಲು ಎತ್ತಿಕೊಂಡು, "ಎಮ್ಮಿ ಹಿಂಡೋರು ಯಾರೂ ಇಲ್ಲ ಊರಾಗ, ಮಧ್ಯಾಹ್ನದ ಬಸ್ಸಿಗೆ ಹೊಂಡ್ತೇನಿ" ಎಂದಳು. ಹೊರಟೂ ಹೋದಳು. ಪತ್ರದಲ್ಲಿ ಕೇಳಿದೆ. ಭತ್ತ ಚೆನ್ನಾಗಿ ಬಂದಿದೆ, ಒಂದು ಎಮ್ಮೆ ಈದಿದೆ, ಕಾಶವ್ವನ ಮಗಳಿಗೆ ಗಂಡು ಕೂಸು ಎಂದು ಉತ್ತರ ಬಂತು. ಮತ್ತೆ ಕೇಳಿದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಬಂತು. ಈಗ ಅವಳಿಗೆ ಎಪ್ಪತ್ತು ಸಮೀಪಿಸುತ್ತಿದೆ, ನನಗೆ ಬರೆಯುವುದೇ ಕಷ್ಟ; ಆದರೂ ಪ್ರತಿ ಪತ್ರದ ಆರಂಭದಲ್ಲೇ, ಅಕ್ಷರ ಸಣ್ಣದಾಗುವ ಮೊದಲೇ, ಅದೊಂದು ಸಾಲು ಬರೆದುಬಿಡುತ್ತೇನೆ. ಏಳು ಮನೆಯವರ ನಿದ್ದೆಯ ಹೊತ್ತನ್ನು ಗೋಡೆಯ ಮೇಲೆ ಬರೆದಿಟ್ಟವಳಿಗೆ, ಸ್ವಂತ ನಿದ್ದೆಗಾಗಿ ಊರೆಲ್ಲ ಗೋಳಾಡಿದವಳಿಗೆ, ಇದನ್ನು ಕೇಳಬೇಕೆಂದು ಹೊಳೆಯಲು ಅರ್ಧ ಶತಮಾನ ಬೇಕಾಯಿತು: "ಅಕ್ಕಾ, ನಾ ಎಚ್ಚರಾದಾಗೆಲ್ಲಾ ಅವ್ವನ ಕೈ ನನ್ನ ಬೆನ್ನ ಮ್ಯಾಲೆ ತಟ್ಟಕೋಂತನ ಇರ್ತಿತ್ತಲ್ಲ, ಆಕಿ ಯಾವಾಗ ಮಲಗತಿದ್ಲು?"